ಬಾಗಿಲು ತೆರೆದ ಗ್ರಂಥಾಲಯ, ಮುಚ್ಚಿಯೇ ಇರುವ ಕಿಟಕಿ

ಹದಿನೈದು ದಿನಗಳ ಅವಧಿಗೆಂದು 2021ರ ಏಪ್ರಿಲ್ ಮಧ್ಯದಲ್ಲಿ ತಂದಿದ್ದ ಎರಡು ಪುಸ್ತಕಗಳನ್ನು ನಾನು ಹಿಂದಿರುಗಿಸಿದ್ದು ಆಗಸ್ಟ್ ಮೊದಲ ವಾರದಲ್ಲಿ. ನಡುವೆ ಕೋವಿಡ್ ಸೋಂಕಿನ ಎರಡನೆಯ ಅಲೆ ಬಂತು, ಏಪ್ರಿಲ್ 27ರ ರಾತ್ರಿಯಿಂದ ರಾಜ್ಯದಲ್ಲಿ ಕರ್ಫ್ಯೂ ಬಂತು, ಮೇ ತಿಂಗಳಿಡೀ ಮತ್ತು ಜೂನ್ ತಿಂಗಳ ಬಹುಭಾಗ ದಕ್ಷಿಣ ಕನ್ನಡ ಜಿಲ್ಲೆ ಬಾಗಿಲು ಹಾಕಿಕೊಂಡು ಕುಳಿತಿತ್ತು. ಮಂಗಳೂರಿನ ಹಂಪನಕಟ್ಟೆಯಿಂದ ನಡೆದೇ ತಲುಪಬಹುದಾದ, ಒಂದು ಟ್ರಸ್ಟ್ ನಡೆಸುವ, ನಾನು ಹನ್ನೊಂದು ವರ್ಷಗಳಿಂದ ಸದಸ್ಯನಾಗಿರುವ ಗ್ರಂಥಾಲಯ ಆ ಬಳಿಕ ಮತ್ತೆ ತೆರೆದು ಒಂದು ತಿಂಗಳು ಕಳೆದಾಗ ಬರೆದದ್ದು ಇದು. ಆ ಅವಧಿಯಲ್ಲಿ ನಾಲ್ಕು ಬಾರಿ ಹೋಗಿ ಬಂದು ಕಂಡದ್ದು ಇಲ್ಲಿದೆ; ‘ಈಗ’ ಎಂದು ಹೇಳಿರುವ ನಿಯಮಗಳೆಲ್ಲ ಆ ದಿನಗಳವು. ಗ್ರಂಥಾಲಯದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಅಲ್ಲಿನ ಸಿಬ್ಬಂದಿ ತಮ್ಮ ಕೈಯಲ್ಲಾದದ್ದನ್ನೆಲ್ಲ ಮಾಡಿದ್ದಾರೆ, ನನ್ನ ದೂರು ಇರುವುದು ಅವರು ಪಾಲಿಸಬೇಕಾಗಿ ಬಂದ ನಿಯಮಗಳ ಮೇಲೆ. ಪುಸ್ತಕಗಳ ವಿಷಯದಲ್ಲಿ ಅಲ್ಲಿ ತೋರಿದಷ್ಟು ಎಚ್ಚರವನ್ನು ಉಸಿರಾಡುವ ಗಾಳಿಯ ವಿಷಯದಲ್ಲಿ ತೋರಿಲ್ಲ ಎಂಬುದೇ ಆ ದೂರು.

ಪ್ರವೇಶದಲ್ಲಿ ಎಲ್ಲ ಕಡೆ ಇರುವುದೇ ಇದೆ. ನೆಲದ ಮೇಲೆ ಆರಡಿಗೊಂದರಂತೆ ಹಳದಿ ವೃತ್ತಗಳು, ಕಾಲಿನಿಂದ ಒತ್ತುವ ಸ್ಯಾನಿಟೈಸರ್ ಸ್ಟ್ಯಾಂಡು, ಹೆಸರು ಮತ್ತು ಫೋನ್ ಸಂಖ್ಯೆ ಬರೆಯುವ ರಿಜಿಸ್ಟರು, ಅದಕ್ಕೆ ದಾರ ಕಟ್ಟಿದ ಒಂದೇ ಒಂದು ಪೆನ್ನು. ಆ ಪೆನ್ನನ್ನು ಎಲ್ಲರೂ ಹಿಡಿಯುತ್ತಾರೆ, ಅನಂತರ ಎಲ್ಲರೂ ಸ್ಯಾನಿಟೈಸರ್ ಹಚ್ಚಿಕೊಳ್ಳುತ್ತಾರೆ. ಕ್ರಮ ಒಂದಿಷ್ಟು ಹಿಂದುಮುಂದಾದರೂ ಕೊನೆಗೆ ಕೈ ಶುಚಿಯಾಗುತ್ತದೆ. ಹಣೆಗೆ ಹಿಡಿಯುವ ಉಷ್ಣಮಾಪಕ, ಮಳೆಯಲ್ಲಿ ಅರ್ಧ ನೆನೆದು ಬಂದಿದ್ದ ನನ್ನ ಉಷ್ಣತೆಯನ್ನು 33 ಡಿಗ್ರಿ ಎಂದು ತೋರಿಸಿತು. ನಿಜವಾಗಿ ಅಷ್ಟು ತಣ್ಣಗಾದ ಮನುಷ್ಯನನ್ನು ಗ್ರಂಥಾಲಯದೊಳಕ್ಕೆ ಬಿಡುವುದಕ್ಕಿಂತ ಆಸ್ಪತ್ರೆಗೆ ಕಳುಹಿಸುವುದು ಲೇಸು, ಆದರೆ ಅಟೆಂಡರ್ ಸಮಾಧಾನದಿಂದ ಅದನ್ನೇ ಬರೆದುಕೊಂಡು ನನ್ನನ್ನು ಒಳಗೆ ಬಿಟ್ಟರು. ಮಾಸ್ಕಿನ ವಿಷಯದಲ್ಲಿ ಮಾತ್ರ ಅವರು ಯಾರ ಮುಲಾಜಿಗೂ ಒಳಗಾಗುವುದಿಲ್ಲ. ಟ್ರಸ್ಟಿನ ಹಿರಿಯರೊಬ್ಬರು ಮೂಗಿನ ಕೆಳಗೆ ಮಾಸ್ಕ್ ಜಾರಿಸಿಕೊಂಡು ಬಂದಾಗ, "ಸರ್, ಸ್ವಲ್ಪ ಮೇಲೆ ಮಾಡಿಕೊಳ್ಳಿ" ಎಂದು ಅವರನ್ನೂ ಬಾಗಿಲಲ್ಲಿ ನಿಲ್ಲಿಸಿದ್ದನ್ನು ನಾನೇ ಕಂಡಿದ್ದೇನೆ.

ಮೆಚ್ಚಬೇಕಾದ ಸಂಗತಿಗಳನ್ನು ಮೊದಲೇ ಹೇಳಿಬಿಡುತ್ತೇನೆ. ಲಾಕ್‌ಡೌನ್ ಅವಧಿಯ ದಂಡವನ್ನು ಪೂರ್ತಿಯಾಗಿ ಬಿಟ್ಟಿದ್ದಾರೆ. ಮೂರು ತಿಂಗಳ ಬಾಕಿಯ ಲೆಕ್ಕ ಹಾಕಿಕೊಂಡು ಹೋಗಿದ್ದ ನನ್ನ ಕೈಗೆ ಸದಸ್ಯತ್ವದ ಚೀಟಿ ಯಾವ ಮಾತೂ ಇಲ್ಲದೆ ಮರಳಿ ಬಂತು. ಒಂದು ಚೀಟಿಗೆ ಎರಡು ಪುಸ್ತಕ ಎಂಬ ಹಳೆಯ ಮಿತಿಯನ್ನು ನಾಲ್ಕಕ್ಕೆ ಏರಿಸಿ, ಅವಧಿಯನ್ನು ಒಂದು ತಿಂಗಳಿಗೆ ವಿಸ್ತರಿಸಿದ್ದಾರೆ. ಇದು ಕೊಡುಗೆಯಂತೆ ಕಂಡರೂ ಹಿಂದೆ ಒಳ್ಳೆಯ ಯೋಚನೆಯಿದೆ: ಓದುಗ ಬಂದು ಹೋಗುವ ಸಲ ಕಡಿಮೆಯಾದಷ್ಟೂ ಒಳಗಿನ ಜನಸಂದಣಿ ಕಡಿಮೆಯಾಗುತ್ತದೆ, ಅವನ ಓದು ಮಾತ್ರ ಕಡಿಮೆಯಾಗುವುದಿಲ್ಲ.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ವಾಟ್ಸಾಪ್ ವ್ಯವಸ್ಥೆ. ಓದುಗರು ಕಪಾಟುಗಳ ನಡುವೆ ಓಡಾಡುವುದನ್ನು ಈಗ ನಿಲ್ಲಿಸಲಾಗಿದೆ. ಬೇಕಾದ ಪುಸ್ತಕದ ಹೆಸರು ಹೇಳಿದರೆ ಸಿಬ್ಬಂದಿಯೇ ತಂದುಕೊಡುತ್ತಾರೆ. ಹೆಸರು ಗೊತ್ತಿಲ್ಲದವರು ಏನು ಮಾಡಬೇಕು ಎಂಬ ಪ್ರಶ್ನೆಗೆ ಅಲ್ಲಿನ ಕಿರಿಯ ಸಹಾಯಕಿಯೊಬ್ಬರು ಕಂಡುಕೊಂಡ ಉಪಾಯ ಸರಳವಾದದ್ದು. ಒಂದೊಂದು ಕಪಾಟಿನ ಒಂದೊಂದು ಸಾಲಿನ ಫೋಟೊ ತೆಗೆದು, ಕಾದಂಬರಿ, ಪ್ರವಾಸ, ಯಕ್ಷಗಾನ, ತುಳು, ಕೃಷಿ ಎಂದು ವಿಂಗಡಿಸಿ ಸದಸ್ಯರಿಗೆ ಕಳುಹಿಸುತ್ತಾರೆ. ಪುಸ್ತಕಗಳ ಬೆನ್ನಿನ ಮೇಲಿನ ಅಕ್ಷರಗಳನ್ನು ಫೋನಿನಲ್ಲಿ ಹಿಗ್ಗಿಸಿ ಓದುತ್ತಾ ಒಂದು ರಾತ್ರಿಯನ್ನೇ ನಾನು ಕಳೆದೆ. ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಬಗ್ಗಿ ನೋಡದ ಕೆಳಸಾಲಿನಲ್ಲಿ ಹಳೆಯ ಬಾಸೆಲ್ ಮಿಷನ್ ಮುದ್ರಣಾಲಯದ ಇತಿಹಾಸಕ್ಕೆ ಸಂಬಂಧಿಸಿದ ಪುಸ್ತಕವೊಂದು ನನಗೆ ಕಂಡದ್ದು ಹಾಗೆಯೇ.

ಆದರೂ ಕಪಾಟಿನ ಮುಂದೆ ನಿಲ್ಲುವ ಹಕ್ಕು ಸಣ್ಣದಲ್ಲ. ನಮ್ಮದೇ ಊರಿನ ಅಂದಿನ ಸರಕಾರಿ ಕಾಲೇಜಿನಲ್ಲಿ, ಅಂದರೆ ಹಂಪನಕಟ್ಟೆಯ ಇಂದಿನ ವಿಶ್ವವಿದ್ಯಾನಿಲಯ ಕಾಲೇಜಿನಲ್ಲಿ, 1917ರಲ್ಲಿ ಗಣಿತದ ಅಧ್ಯಾಪಕರಾಗಿ ಸೇರಿದ್ದ ಎಸ್. ಆರ್. ರಂಗನಾಥನ್ ಮುಂದೆ 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ, ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿದವರು. ಪುಸ್ತಕಗಳನ್ನು ಬೀಗದೊಳಗೆ ಇಟ್ಟು ಕಿಂಡಿಯಿಂದ ಕೊಡುವ ಪದ್ಧತಿಯನ್ನು ಬಿಟ್ಟು, ಓದುಗ ತಾನೇ ಕಪಾಟಿನ ಬಳಿ ಹೋಗಿ ಆರಿಸಿಕೊಳ್ಳುವಂತಾಗಬೇಕು ಎಂದು ಅವರು ವಾದಿಸಿದ್ದರು. ಅವರು ರೂಪಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು. ನಾಲ್ಕನೆಯದು ಓದುಗನ ಸಮಯ ಉಳಿಸಬೇಕೆಂಬುದು. ಕೌಂಟರಿನಲ್ಲಿ ಚೀಟಿ ಬರೆದುಕೊಟ್ಟು, ಸಹಾಯಕಿ ಹುಡುಕಿ ತರುವವರೆಗೆ ಇಪ್ಪತ್ತು ನಿಮಿಷ ಹಳದಿ ವೃತ್ತದಲ್ಲಿ ನಿಂತಿದ್ದಾಗ ಈ ಎರಡೂ ಸೂತ್ರಗಳು ನೆನಪಾದವು. ಮೊದಲ ಅಲೆಯ ನಂತರ ಒಂದಿಷ್ಟು ಕಾಲ ಈ ಏರ್ಪಾಡು ಅನಿವಾರ್ಯವಾಗಿದ್ದಿರಬಹುದು. ಎಲ್ಲರೂ ಮಾಸ್ಕ್ ಧರಿಸಿ, ಕಪಾಟುಗಳ ನಡುವೆ ಒಮ್ಮೆಗೆ ಇಬ್ಬರಂತೆ ಐದು ನಿಮಿಷ ಓಡಾಡುವುದರಿಂದ ಆಗಬಹುದಾದ ಅಪಾಯ, ಕೌಂಟರಿನ ಮುಂದೆ ಆರು ಜನ ಇಪ್ಪತ್ತು ನಿಮಿಷ ಕಾಯುವುದರಿಂದ ಆಗುವುದಕ್ಕಿಂತ ಹೆಚ್ಚೆಂದು ನನಗೆ ತೋರುವುದಿಲ್ಲ.

ಈಗ ಪುಸ್ತಕಗಳ ಕ್ವಾರಂಟೈನ್ ವಿಚಾರ. ಹಿಂದಿರುಗಿಸಿದ ಪುಸ್ತಕವನ್ನು ಸಿಬ್ಬಂದಿ ಮುಟ್ಟುವುದಿಲ್ಲ. ಓದುಗನೇ ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ದಿನಾಂಕ ಬರೆದು ರಟ್ಟಿನ ಪೆಟ್ಟಿಗೆಯಲ್ಲಿ ಇಡಬೇಕು. ಏಳು ದಿನಗಳ ನಂತರ ಚೀಲ ಬಿಚ್ಚಿ, ಹೊದಿಕೆಯನ್ನು ಒರೆಸಿ ಮರಳಿ ಕಪಾಟಿಗೆ ಸೇರಿಸುತ್ತಾರೆ. ಈ ಪದ್ಧತಿ ಗಾಳಿಯಿಂದ ಬಂದದ್ದಲ್ಲ. ಅಮೆರಿಕದ ಓಹಾಯೋದ ಬ್ಯಾಟೆಲ್ ಪ್ರಯೋಗಾಲಯದಲ್ಲಿ 2020ರಲ್ಲಿ ಗ್ರಂಥಾಲಯಗಳಿಗಾಗಿಯೇ ನಡೆಸಿದ ಪರೀಕ್ಷೆಗಳಲ್ಲಿ, ಗಟ್ಟಿ ಹೊದಿಕೆ, ತೆಳು ಹೊದಿಕೆ, ಒಳಪುಟ, ಪ್ಲಾಸ್ಟಿಕ್ ಹೊದಿಕೆ ಇವುಗಳನ್ನು ಬಿಡಿಬಿಡಿಯಾಗಿ ಇಟ್ಟಾಗ ಮೂರು ದಿನಗಳ ನಂತರ ವೈರಸ್ ಪತ್ತೆಯಾಗಲಿಲ್ಲ. ಇಂಥ ಹೊದಿಕೆಗಳನ್ನು ಒಂದರ ಮೇಲೊಂದು ಪೇರಿಸಿ ಇಟ್ಟಾಗ ಆರನೆಯ ದಿನವೂ ಪತ್ತೆಯಾಗಿತ್ತು. ನಮ್ಮ ಗ್ರಂಥಾಲಯ ಪೆಟ್ಟಿಗೆಯಲ್ಲಿ ಪೇರಿಸಿಡುತ್ತದೆಯಾದ್ದರಿಂದ ಏಳು ದಿನ ಎಂದು ನಿಗದಿ ಮಾಡಿದೆ. ಇಷ್ಟರ ಮಟ್ಟಿಗೆ ಯಾರೋ ಕುಳಿತು ಓದಿ ಯೋಚಿಸಿದ್ದಾರೆ.

ಆದರೆ ಆ ಪರೀಕ್ಷೆ ಹೇಳಿದ್ದು ವೈರಸ್ ಎಷ್ಟು ಕಾಲ ಪತ್ತೆಯಾಗುತ್ತದೆ ಎಂಬುದನ್ನು ಮಾತ್ರ. ಪುಸ್ತಕ ಮುಟ್ಟಿದವನಿಗೆ ಸೋಂಕು ತಗಲುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಉತ್ತರ ಕೊಟ್ಟಿದೆ: ಸೋಂಕಿರುವ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ರೋಗ ಅಂಟುವ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಪುಸ್ತಕ ಮುಟ್ಟಿದ ಮೇಲೆ ಕೈ ತೊಳೆದುಕೊಂಡರೆ ಆ ಸಣ್ಣ ಸಾಧ್ಯತೆಯೂ ಇನ್ನಷ್ಟು ಇಳಿಯುತ್ತದೆ.

ಇನ್ನೊಂದೆಡೆ, ಈ ಏಳು ದಿನಗಳು ನಮ್ಮ ಊರಿನಲ್ಲಿ ಪುಸ್ತಕಕ್ಕೆ ಮಾಡುವ ಹಾನಿ ಮಾತ್ರ ಊಹೆಯ ಮಾತಲ್ಲ. ಓಹಾಯೋದ ಪ್ರಯೋಗಾಲಯಕ್ಕೂ ಮಂಗಳೂರಿನ ಆಟಿಗೂ, ಅಂದರೆ ಜೋರು ಮಳೆಯ ತುಳು ತಿಂಗಳಿಗೂ, ವ್ಯತ್ಯಾಸವಿದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುವ ಈ ಊರಿನಲ್ಲಿ, ಕಪಾಟಿನಲ್ಲಿಟ್ಟ ಚಪ್ಪಲಿಗೆ ಒಂದು ವಾರದಲ್ಲಿ ಬೂಷ್ಟು ಹಿಡಿಯುತ್ತದೆ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಗಾಳಿಯ ಆರ್ದ್ರತೆ ಶೇಕಡಾ 65 ದಾಟಿದರೆ ಕಾಗದದ ಮೇಲೆ ಬೂಷ್ಟು ಬೆಳೆಯಲು ಅನುಕೂಲ ಎಂದು ಪುಸ್ತಕ ಸಂರಕ್ಷಣೆ ಬಲ್ಲವರು ಹೇಳುತ್ತಾರೆ. ನಮ್ಮಲ್ಲಿ ಮಳೆಗಾಲವಿಡೀ ಅದು ಅದಕ್ಕಿಂತ ಬಹಳ ಮೇಲೆಯೇ ಇರುತ್ತದೆ. ಮಳೆಯಲ್ಲಿ ಚೀಲದೊಳಗಿಟ್ಟು ತಂದ, ಅಂಚು ತುಸು ತೇವವಾದ ಪುಸ್ತಕವನ್ನು ಗಾಳಿಯಾಡದ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಏಳು ದಿನ ಕತ್ತಲೆಯಲ್ಲಿಟ್ಟರೆ ಏನಾಗುತ್ತದೆ ಎಂದು ಹಪ್ಪಳ, ಸಂಡಿಗೆ ಕಾಪಿಡುವ ಯಾವ ಗೃಹಿಣಿಯೂ ಹೇಳಿಯಾಳು. ಎರಡನೆಯ ಭೇಟಿಯಲ್ಲಿ ನಾನು ತಂದ ಒಂದು ಪುಸ್ತಕದ ಒಳರಟ್ಟಿನ ಮೇಲೆ ಹಸಿರು ಮಿಶ್ರಿತ ಬಿಳಿಯ ಚುಕ್ಕೆಗಳಿದ್ದವು. ತೆರೆದೊಡನೆ ಮುಗ್ಗಲು ವಾಸನೆ ಹೊಡೆಯಿತು. ಎರಡು ದಿನ ಫ್ಯಾನಿನ ಕೆಳಗೆ ಬಿಡಿಸಿಟ್ಟು, ಒಣ ಬಟ್ಟೆಯಿಂದ ಒರೆಸಿದ ಮೇಲೆಯೇ ಅದನ್ನು ಓದಲು ಸಾಧ್ಯವಾಯಿತು. ವೈರಸ್ಸಿನಿಂದ ಪುಸ್ತಕಕ್ಕೆ ಏನೂ ಆಗುವುದಿಲ್ಲ. ಬೂಷ್ಟು ಹಿಡಿದ ಪುಸ್ತಕವಾದರೋ ತಾನು ಕೆಡುವುದಲ್ಲದೆ ಕಪಾಟಿನ ನೆರೆಯ ಪುಸ್ತಕಗಳನ್ನೂ ಕೆಡಿಸುತ್ತದೆ, ಉಬ್ಬಸವಿರುವ ಓದುಗರನ್ನೂ ಕಾಡುತ್ತದೆ.

ದಾನಿಗಳೊಬ್ಬರು ಕೊಟ್ಟ ನೇರಳಾತೀತ ಬೆಳಕಿನ ಪೆಟ್ಟಿಗೆಯೊಂದೂ ಕೌಂಟರಿನ ಪಕ್ಕದಲ್ಲಿದೆ. ನಮ್ಮ ಕೈಗೆ ಕೊಡುವ ಮೊದಲು ಪುಸ್ತಕವನ್ನು ಅದರೊಳಗೆ ಎರಡು ನಿಮಿಷ ಮಲಗಿಸುತ್ತಾರೆ. ಈ ಬೆಳಕು ನೇರವಾಗಿ ಬಿದ್ದ ಕಡೆಯಷ್ಟೇ ಕೆಲಸ ಮಾಡುತ್ತದೆ. ಮುಚ್ಚಿದ ಪುಸ್ತಕದ ಮೇಲಿನ ರಟ್ಟು ಶುದ್ಧವಾಗಬಹುದು. ಒಳಗಿನ ಮುನ್ನೂರು ಪುಟಗಳಿಗೆ ಅದು ತಲುಪುವುದೇ ಇಲ್ಲ, ಮತ್ತೆ ಮತ್ತೆ ಬಿದ್ದರೆ ಕಾಗದ ಹಳದಿಯಾಗಿ ಸೆಡೆಯುತ್ತದೆ. ಪೆಟ್ಟಿಗೆ ನೋಡಲು ಚೆನ್ನಾಗಿದೆ.

ಇದಕ್ಕೆ ಹೋಲಿಸಿದರೆ ಗ್ರಂಥಪಾಲಕಿಯವರ ಒಂದು ಸಣ್ಣ ನಿಯಮ ಹೆಚ್ಚು ಉಪಕಾರಿ. ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಯಿಂದ ಪುಸ್ತಕ ಮುಟ್ಟಲು ಅವರು ಬಿಡುವುದಿಲ್ಲ. "ಒಂದು ನಿಮಿಷ ನಿಲ್ಲಿ ಮಾಷ್ಟ್ರೇ, ಕೈ ಒಣಗಲಿ, ಇಲ್ಲದಿದ್ದರೆ ಸೀಲಿನ ಶಾಯಿ ಎಲ್ಲ ಹರಡುತ್ತದೆ" ಎಂದು ನಿವೃತ್ತ ಅಧ್ಯಾಪಕರೊಬ್ಬರಿಗೆ ಹೇಳುತ್ತಿದ್ದರು. ಮದ್ಯಸಾರ ತಗಲಿದರೆ ಸೀಲಿನ ಶಾಯಿಯೂ ಬಾಲ್‌ಪೆನ್ನಿನ ಬರಹವೂ ಕರಗುತ್ತವೆ ಎಂಬುದು ಅನುಭವದಿಂದ ಬಂದ ತಿಳಿವಳಿಕೆ. ಮೇಜು, ಕುರ್ಚಿ, ಬಾಗಿಲ ಹಿಡಿಗಳನ್ನು ಒರೆಸಲು ಬಳಸುವ ಶೇಕಡಾ 1ರ ಹೈಪೋಕ್ಲೋರೈಟ್ ದ್ರಾವಣವನ್ನು ಅವರು ಪುಸ್ತಕಗಳ ಹತ್ತಿರವೂ ತರಗೊಡುವುದಿಲ್ಲ.

ಈಗ ನನ್ನ ಮುಖ್ಯ ದೂರಿಗೆ ಬರುತ್ತೇನೆ. ಈ ಗ್ರಂಥಾಲಯದಲ್ಲಿ ಎರಡು ಭಾಗಗಳಿವೆ. ಹಳೆಯದು ಹೆಂಚಿನ ಮಾಡಿನ, ಎತ್ತರದ ಗೋಡೆಗಳ, ಎದುರುಬದುರು ಕಿಟಕಿಗಳಿರುವ ಹಜಾರ. ಇಲ್ಲಿ ಮೊದಲು ಪತ್ರಿಕಾ ವಿಭಾಗವಿತ್ತು. ಬಿಸಿಗಾಳಿ ಮೇಲೇರಿ ಹೆಂಚುಗಳ ಸಂದಿನಲ್ಲಿ ಹೊರಹೋಗುವ, ಕೆಳಗಿನ ಕಿಟಕಿಗಳಿಂದ ಹೊಸ ಗಾಳಿ ಬರುವ ಕಟ್ಟಡ ಅದು. ಇಂಥ ರೋಗದ ಕಾಲಕ್ಕೆಂದೇ ಕಟ್ಟಿದಂತಿದೆ. ಹೊಸದು ಐದಾರು ವರ್ಷಗಳ ಹಿಂದೆ ಸೇರಿಸಿದ ಕಾಂಕ್ರೀಟು ಕೊಠಡಿ. ತೆರೆಯಲಾಗದ ಗಾಜಿನ ಹಲಗೆಗಳು, ಎರಡು ಹವಾನಿಯಂತ್ರಣ ಯಂತ್ರಗಳು, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರಿಗೆ ಮೀಸಲಾದ ಮೇಜುಗಳು.

ಮತ್ತೆ ತೆರೆದಾಗ ಮಾಡಿದ ಏರ್ಪಾಡು ಹೀಗಿದೆ. ಗಾಳಿಯಾಡುವ ಹಳೆಯ ಹಜಾರವನ್ನು ಮುಚ್ಚಿ, ಅಲ್ಲಿ ಕ್ವಾರಂಟೈನ್ ಪೆಟ್ಟಿಗೆಗಳನ್ನು ಇಟ್ಟಿದ್ದಾರೆ. ಸಾಮಾನ್ಯ ಓದುಗನಿಗೆ ಕೌಂಟರಿನ ಬಳಿ ಅರ್ಧ ಗಂಟೆ ಮಾತ್ರ ಅವಕಾಶ. ಪರೀಕ್ಷಾರ್ಥಿಗಳು ಮಾತ್ರ ಹೊಸ ಕೊಠಡಿಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕುಳಿತಿರುತ್ತಾರೆ. ಮೇಜಿಗೊಬ್ಬರಂತೆ, ಆರಡಿ ಅಂತರದಲ್ಲಿ, ನಡುವೆ ಪಾರದರ್ಶಕ ಹಲಗೆ ಇಟ್ಟು, ನಲವತ್ತರ ಜಾಗದಲ್ಲಿ ಹದಿನೆಂಟು ಮಂದಿ. ಕಣ್ಣಿಗೆ ಎಲ್ಲವೂ ಶಿಸ್ತಾಗಿ ಕಾಣುತ್ತದೆ. ಗಾಜು ಮುಚ್ಚಿದೆ, ಯಂತ್ರ ಓಡುತ್ತಿದೆ, ಅದೇ ಗಾಳಿ ತಣ್ಣಗಾಗಿ ಸುತ್ತುತ್ತಿದೆ. ಗೋಡೆಗೆ ಹಾಕುವ ಇಂಥ ಯಂತ್ರಗಳು ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ ಎಂಬುದು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ತಂಪಾಯಿತೆಂದರೆ ಶುದ್ಧವಾಯಿತೆಂದೇ ಭಾವನೆ.

ಕೇಂದ್ರ ಸರಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಮೇ 20ರಂದು ಹೊರಡಿಸಿದ ಸಲಹೆಯಲ್ಲಿ ಇದೇ ಮಾತಿದೆ: ಬಾಯಿಯಿಂದ ಹೊರಟ ದೊಡ್ಡ ಹನಿಗಳು ಎರಡು ಮೀಟರಿನೊಳಗೆ ಬೀಳುತ್ತವೆ, ಸೂಕ್ಷ್ಮ ಕಣಗಳು ಗಾಳಿಯಲ್ಲಿ ಹತ್ತು ಮೀಟರಿನವರೆಗೂ ಸಾಗಬಲ್ಲವು, ಕಿಟಕಿ ಬಾಗಿಲು ಮುಚ್ಚಿ ಹವಾನಿಯಂತ್ರಣ ನಡೆಸಿದರೆ ಸೋಂಕಿನ ಗಾಳಿ ಕೊಠಡಿಯೊಳಗೇ ಉಳಿಯುತ್ತದೆ. ಹಾಗಿರುವಾಗ ಆರಡಿಯ ಅಂತರ ಮತ್ತು ಪಾರದರ್ಶಕ ಹಲಗೆ ಹನಿಗಳನ್ನು ತಡೆದರೂ, ಅದೇ ಕೊಠಡಿಯಲ್ಲಿ ಏಳು ಗಂಟೆ ಕಾಲ ಹರಡಿ ನಿಲ್ಲುವ ಕಣಗಳನ್ನು ತಡೆಯಲಾರವು. ಊಟದ ಹೊತ್ತಿಗೆ ಡಬ್ಬಿ ಬಿಚ್ಚಿ ಹಲವರು ಅಲ್ಲಿಯೇ ಮಾಸ್ಕ್ ತೆಗೆಯುತ್ತಾರೆ ಎಂಬುದನ್ನೂ ಇದಕ್ಕೆ ಸೇರಿಸಬೇಕು. ಆ ಮಕ್ಕಳಲ್ಲಿ ಹಲವರಿಗೆ ಆಗ ಒಂದೇ ಡೋಸ್ ಲಸಿಕೆ ಆಗಿತ್ತು. ಹದಿನೆಂಟು ದಾಟಿದವರಿಗೆ ಲಸಿಕೆ ಶುರುವಾದದ್ದೇ ಮೇ ತಿಂಗಳಲ್ಲಿ, ಕೋವಿಶೀಲ್ಡ್‌ನ ಎರಡು ಡೋಸ್‌ಗಳ ನಡುವೆ ಆಗ 12ರಿಂದ 16 ವಾರಗಳ ಅಂತರವಿತ್ತು. ನನ್ನ ಕೈಗೆ ಬರುವ ಪುಸ್ತಕವನ್ನು ಏಳು ದಿನ ಕಟ್ಟಿಡುವ ಸಂಸ್ಥೆ, ಅವರನ್ನು ಏಳು ಗಂಟೆ ಕಾಲ ಒಂದೇ ಗಾಳಿಯಲ್ಲಿ ಕೂರಿಸುತ್ತಿದೆ.

ಇದನ್ನು ಗ್ರಂಥಪಾಲಕಿಯವರ ಮುಂದೆ ಹೇಳಿದೆ. ಅವರು ಬೇಸರಿಸಿಕೊಳ್ಳಲಿಲ್ಲ. "ಕಿಟಕಿ ತೆರೆದರೆ ಎರಚಲು ನೇರ ಮೇಜಿನ ಮೇಲೆಯೇ ಬರುತ್ತದೆ ಸರ್. ಹೊಸ ಕೊಠಡಿಯಲ್ಲಂತೂ ತೆರೆಯುವ ಹಾಗೆಯೇ ಇಲ್ಲ, ಏನು ಮಾಡುವುದು ಹೇಳಿ" ಎಂದರು. ಮಾತು ನ್ಯಾಯವಾದದ್ದೇ. ತೆಂಕುಪಡುವಲ ಗಾಳಿ ಜೋರಾಗಿ ಬೀಸುವ ದಿನಗಳಲ್ಲಿ ಈ ಊರಿನ ಮನೆಗಳಲ್ಲಿ ಜಗಲಿಯೂ ನೆನೆಯುತ್ತದೆ. ಆದರೆ ಅದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉಪಾಯವೂ ಇದೆ: ಮಳೆಗಾಲಕ್ಕೆ ಮುನ್ನ ಜಗಲಿಗೆ ಮಡಲಿನ, ಅಂದರೆ ತೆಂಗಿನ ಗರಿಯ, ತಟ್ಟಿ ಕಟ್ಟುತ್ತಿದ್ದರು. ಎರಚಲು ನಿಲ್ಲುತ್ತಿತ್ತು, ಗಾಳಿ ನಿಲ್ಲುತ್ತಿರಲಿಲ್ಲ. ಹಳೆಯ ಹಜಾರದ ಪಡುವಣ ಕಿಟಕಿಗಳಿಗೆ ಹೊರಗಿನಿಂದ ಅಂಥದ್ದೊಂದು ಮರೆ ಕಟ್ಟಿಸಿ, ಪರೀಕ್ಷಾರ್ಥಿಗಳ ಮೇಜುಗಳನ್ನು ಅಲ್ಲಿಗೆ ಸಾಗಿಸಿ, ಪುಸ್ತಕದ ಪೆಟ್ಟಿಗೆಗಳನ್ನು ಹವಾನಿಯಂತ್ರಿತ ಕೊಠಡಿಗೆ ತಂದರೆ ಎರಡು ಕೆಲಸ ಒಟ್ಟಿಗೆ ಆಗುತ್ತದೆ. ಓದುವವರಿಗೆ ಗಾಳಿ ಸಿಗುತ್ತದೆ. ಯಂತ್ರ ಗಾಳಿಯ ತೇವವನ್ನೂ ಹೀರುವುದರಿಂದ ಚೀಲವಿಲ್ಲದೆ ಬಿಡಿಯಾಗಿ ಇಟ್ಟ ಪುಸ್ತಕಕ್ಕೆ ಬೂಷ್ಟೂ ಹಿಡಿಯುವುದಿಲ್ಲ. ಸೆಕೆಯಾಗುತ್ತದೆ ಎಂದು ಪರೀಕ್ಷಾರ್ಥಿಗಳು ಗೊಣಗಬಹುದು. ಆಗಸ್ಟ್‌ನ ಮಳೆಯಲ್ಲಿ ಒಂದು ಫ್ಯಾನು ಸಾಲದೇ? ಗ್ರಂಥಪಾಲಕಿಯವರು ತಲೆಯಾಡಿಸಿ, ಟ್ರಸ್ಟಿನ ಸಭೆಯಲ್ಲಿ ಇಡುತ್ತೇನೆ ಎಂದರು.

ಹಿರಿಯರ ವಿಷಯ ಇನ್ನೂ ಬೇಸರದ್ದು. 65 ದಾಟಿದವರು ಒಳಗೆ ಬರುವಂತಿಲ್ಲ ಎಂಬ ಫಲಕವಿದೆ, ಪತ್ರಿಕೆಗಳನ್ನು ತರಿಸುವುದನ್ನೇ ನಿಲ್ಲಿಸಲಾಗಿದೆ. ಬೆಳಿಗ್ಗೆ ಹತ್ತಕ್ಕೆ ಬಂದು ನಾಲ್ಕು ಪತ್ರಿಕೆಗಳನ್ನು ಮೊದಲ ಪುಟದಿಂದ ಶ್ರದ್ಧಾಂಜಲಿಯವರೆಗೆ ಓದಿ, ಅದೇ ದಾರಿಯಲ್ಲಿ ತರಕಾರಿ ಕೊಂಡು ಮನೆಗೆ ಹೋಗುತ್ತಿದ್ದ ಹತ್ತಾರು ಹಿರಿಯರಿಗೆ ಈ ಗ್ರಂಥಾಲಯವೆಂದರೆ ಅದೇ ಆಗಿತ್ತು. ಮೇಲೆ ಹೇಳಿದ ಮಾಷ್ಟ್ರು ಈಗ ಹೊರಗಿನ ಜಗಲಿಯ ಮೆಟ್ಟಿಲಲ್ಲಿ ನಿಂತು, ಪುಸ್ತಕ ಬದಲಿಸಿಕೊಂಡು ಹೊರಟುಹೋಗುತ್ತಾರೆ. ವಾಟ್ಸಾಪ್ ಅವರಿಗೆ ಬಾರದು. ಸರಕಾರದ ಡಿಜಿಟಲ್ ಗ್ರಂಥಾಲಯದ ಸೌಲಭ್ಯವನ್ನು ಮೊಮ್ಮಗ ಫೋನಿನಲ್ಲಿ ತೆರೆದುಕೊಟ್ಟನಂತೆ, ಅಕ್ಷರ ಕಣ್ಣಿಗೆ ಹಿಡಿಯಲಿಲ್ಲವಂತೆ. ಅವರು ನಿಲ್ಲುವ ಆ ಜಗಲಿ ಮೂರು ಕಡೆ ತೆರೆದಿದೆ. ಇಡೀ ಕಟ್ಟಡದಲ್ಲಿ ಅದಕ್ಕಿಂತ ಸುರಕ್ಷಿತ ಜಾಗ ಇನ್ನೊಂದಿಲ್ಲ. ಅಲ್ಲಿ ಆರು ಕುರ್ಚಿ, ನಾಲ್ಕು ಪತ್ರಿಕೆ ಇಟ್ಟರೆ ಯಾವ ನಿಯಮವೂ ಮುರಿಯುವುದಿಲ್ಲ.

ಮಕ್ಕಳ ವಿಭಾಗಕ್ಕೆ ಹಗ್ಗ ಕಟ್ಟಿದ್ದಾರೆ. ಆಗ ಚಿಕ್ಕ ಮಕ್ಕಳ ಶಾಲೆಗಳೇ ತೆರೆದಿರಲಿಲ್ಲವಾದ್ದರಿಂದ ಇದನ್ನು ಆಕ್ಷೇಪಿಸುವುದು ಕಷ್ಟ. ಆದರೂ ಗ್ರಾಮ ಪಂಚಾಯತ್ ಗ್ರಂಥಾಲಯಗಳು 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಹಳ್ಳಿಯ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟು ಪುಸ್ತಕ ಕೊಡುತ್ತಿರುವಾಗ, ನಗರದ ನಡುವಿನ ಗ್ರಂಥಾಲಯವೊಂದು ತಂದೆತಾಯಿಯರ ಚೀಟಿಯ ಮೇಲಾದರೂ ಮಕ್ಕಳ ಪುಸ್ತಕ ಕೊಡಬಹುದಿತ್ತು. ಆಗ ಕೇಳಿದರೂ ಕೊಡುತ್ತಿರಲಿಲ್ಲ.

ಆಗಿನ ವೇಳೆಯ ಕೆಲವು ವಿವರ: ಬೆಳಿಗ್ಗೆ 10ರಿಂದ 1, ಮಧ್ಯಾಹ್ನ 2ರಿಂದ 5 ಗ್ರಂಥಾಲಯ ತೆರೆದಿರುತ್ತಿತ್ತು. ಕೇರಳದ ಗಡಿಯ ಜಿಲ್ಲೆಯಾದ ಕಾರಣ ನಮ್ಮಲ್ಲಿ ಆಗ ವಾರಾಂತ್ಯದ ಕರ್ಫ್ಯೂ ಇದ್ದುದರಿಂದ ಶನಿವಾರ, ಭಾನುವಾರ ಪೂರ್ತಿ ರಜೆಯಿತ್ತು. ಉದ್ಯೋಗಸ್ಥರು ಬೇಕಾದ ಪುಸ್ತಕಗಳ ಹೆಸರನ್ನು ಹಿಂದಿನ ದಿನವೇ ವಾಟ್ಸಾಪಿನಲ್ಲಿ ಕಳುಹಿಸಿ, ಮಧ್ಯಾಹ್ನ ಎರಡು ಗಂಟೆಗೆ ಸರಿಯಾಗಿ ಹೋದರೆ ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಸ್ವಂತ ಪೆನ್ನು ಒಯ್ಯುವುದು ಲೇಸಾಗಿತ್ತು. ಹಿಂದಿರುಗಿಸುವ ಪುಸ್ತಕ ಮಳೆಯಲ್ಲಿ ನೆನೆದಿದ್ದರೆ ಅಂದು ಕೊಡಬೇಡಿ; ಮನೆಗೆ ಮರಳಿ ತಂದು ಒಣಗಿಸಿ ಇನ್ನೊಂದು ದಿನ ಕೊಡಿ.

ಕಳೆದ ಗುರುವಾರ ನಾಲ್ಕನೆಯ ಸಲ ಹೋದಾಗ ಹಜಾರದ ಎರಡು ಕಿಟಕಿಗಳು ತೆರೆದಿದ್ದವು. ಮಡಲಿನ ತಟ್ಟಿಯ ಬದಲು ನೀಲಿ ಬಣ್ಣದ ಟಾರ್ಪಾಲನ್ನು ಓರೆಯಾಗಿ ಕಟ್ಟಿದ್ದರು. ಪೆಟ್ಟಿಗೆಗಳು ಅಲ್ಲಿಯೇ ಇದ್ದವು, ಹೊಸ ಕೊಠಡಿಯ ಯಂತ್ರವೂ ಓಡುತ್ತಿತ್ತು, ಆದರೆ ಆ ಕೊಠಡಿಯ ಬಾಗಿಲು ಬೀಸಿದ ಗಾಳಿಗೆ ಮುಚ್ಚದಂತೆ ಯಾರೋ ಅದಕ್ಕೊಂದು ಹಳೆಯ ಹೆಂಚಿನ ತುಂಡನ್ನು ಅಡ್ಡ ಇಟ್ಟಿದ್ದರು.